ಎರಡು ಸೋಲಿನ ಪಂದ್ಯ

ಹಣೆಗೆ ಮೂರೆಳೆ ವಿಭೂತಿ, ಮೂಗಿನ ತುದಿಗೆ ನೀಲಿ ಚಾಕ್ ಪುಡಿ. ನಮ್ಮ ಪೂಲ್ ಹಾಲ್‌ನ ಮಾಲಕರನ್ನು ನೆನೆದರೆ ಮೊದಲು ಕಣ್ಣಿಗೆ ಕಟ್ಟುವುದು ಇದೇ. ಚೆಂಡು ಹೊಡೆಯುವ ಕೋಲಿನ ತುದಿಗೆ ಚಾಕ್ ತಿಕ್ಕಿದ ಕೈಯಿಂದಲೇ ಮೂಗು ಉಜ್ಜಿಕೊಳ್ಳುವ ಚಟ ಅವರಿಗೆ. ಯಾರಾದರೂ ಹೇಳಿದರೆ, ಇರಲಿ ಬಿಡ್ರಿ, ಅದೂ ಒಂದು ವಿಭೂತಿನ ಅನ್ನುತ್ತಿದ್ದರು.

ಬೆಳಗಾವಿಯ ಆ ಹಾಲ್‌ನಲ್ಲಿ ಇದ್ದವು ಎರಡೇ ಟೇಬಲ್. ನಾನು ಮಚ್ಛೆಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಖಾನಾಪುರದ ಮನೆಯ ದಾರಿ ಬಿಟ್ಟು, ಉಲ್ಟಾ ಊರೊಳಗೆ ಬಂದು ಒಂದು ತಾಸು ಆಡುತ್ತಿದ್ದೆ. ಆಡುವ ಹೆಣ್ಣುಮಗಳು ನಾನೊಬ್ಬಳೇ. ಯಾರಾದರೂ ದಿಟ್ಟಿಸಿ ನೋಡಿದರೆ ನಾನೂ ದಿಟ್ಟಿಸಿ ನೋಡುತ್ತಿದ್ದೆ, ಅಷ್ಟೇ.

ವರ್ಷಕ್ಕೊಮ್ಮೆ, ಒಂದು ಐತವಾರ, ಪಂದ್ಯಾವಳಿ. ಊರಿನ ಹುಡುಗರಿಗೆ ನಾಕೌಟ್ ಬೇಕು: ಒಮ್ಮೆ ಸೋತವರು ಮನೆಗೆ, ಸಂಜೆಯೊಳಗೆ ಎಲ್ಲ ಖಲಾಸ್. ಮಾಲಕರು ಸುತಾರಾಂ ಒಪ್ಪಲಿಲ್ಲ. ಲೋಂಡಾದಿಂದ ರೈಲು ಹತ್ತಿ ಬಂದವನು ಒಂದೇ ಪಂದ್ಯ ಆಡಿ ಮುಖ ಸಣ್ಣ ಮಾಡಿಕೊಂಡು ಹೋಗುವುದು ಅವರಿಂದ ನೋಡಲಿಕ್ಕಾಗುತ್ತಿರಲಿಲ್ಲ.

"ಊಟಕ್ಕ ಕರದು ಒಂದ ರೊಟ್ಟಿಗೆ ಏಳಸ್ತೀರೇನು? ಎರಡು ಸಲ ಸೋತ ಮ್ಯಾಲನ ಹೊರಗ."

ಹೊತ್ತು ಸಾಲುವುದಿಲ್ಲ ಎಂದು ಹುಡುಗರು ತಕರಾರು ತೆಗೆದರು. ಒಮ್ಮೆ ಸೋತವರ ಪಂದ್ಯಗಳನ್ನು ಒಂದೊಂದೇ ಆಟಕ್ಕೆ ಇಳಿಸಿ, ಲೋಂಡಾ, ಬೀಡಿಯಂಥ ದೂರದ ಊರಿನವರನ್ನು ಮೊದಲು ಆಡಿಸಿ ಮಾಲಕರು ಹೊತ್ತನ್ನೂ ಹೊಂದಿಸಿದರು.

ಆ ಸಲ ನಾನು ಮೊದಲ ಪಂದ್ಯದಲ್ಲೇ ಅವಸರ ಮಾಡಿ, ಕೊನೆಗೆ ಕುಳಿಗೆ ಹಾಕಬೇಕಾದ ಕರಿ ಚೆಂಡನ್ನು ನಡುವೆಯೇ ಹಾಕಿ ಸೋತೆ. ಬ್ಯಾಗು ಹೆಗಲಿಗೆ ಹಾಕಿಕೊಂಡವಳನ್ನು ಮಾಲಕರು, ನಿಂದು ಇನ್ನೂ ಐತಿ ತಂಗಿ ಎಂದು ಕುಂದರಿಸಿದರು. ಅಲ್ಲಿಂದ ಒಬ್ಬೊಬ್ಬರನ್ನೇ ಸೋಲಿಸುತ್ತ ಫೈನಲ್‌ಗೆ ಬಂದೆ ನೋಡ್ರಿ! ಎದುರಿಗೆ, ಅಲ್ಲಿಯತನಕ ಒಮ್ಮೆಯೂ ಸೋಲದ ಮಾಲಕರ ಮಗ. ಅವನನ್ನೂ ಸೋಲಿಸಿದೆ. ಹಾಲ್ ತುಂಬ ಚಪ್ಪಾಳೆ. ಮಗನೇ ಬಂದು ಕೈ ಕುಲುಕಿದ.

"ಕಪ್ ಇನ್ನೂ ಯಾರದೂ ಅಲ್ಲ," ಅಂದರು ಮಾಲಕರು. "ಅವಗ ಇದು ಒಂದನೇ ಸೋಲು. ಇನ್ನೊಂದು ಪಂದ್ಯ ಆಡ್ರಿ."

ಮಗನ ಸಲುವಾಗಿ ನಿಯಮ ನೆನಪಾತು ಎಂದು ಹಿಂದಿನಿಂದ ಯಾರೋ ಅಂದದ್ದು ನನಗೂ ಕೇಳಿತು, ಮಾಲಕರಿಗೂ ಕೇಳಿತು. ಮುಖ ಕೆಂಪಾಯಿತು, ಮಾತು ಬದಲಾಗಲಿಲ್ಲ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮುಂಜಾನೆ ನನ್ನನ್ನು ಉಳಿಸಿದ್ದೂ ಅದೇ ನಿಯಮ.

"ಅವರು ಹೇಳೂದು ಖರೇ ಐತಿ, ಚೆಂಡು ಹಚ್ರಿ," ಅಂದೆ.

ಆಡಿದೆವು. ಸೋತೆ. ಮಾಲಕರ ಬಗ್ಗೆ ಜನ ಬಹಳ ದಿನ ಆಡಿಕೊಂಡರು. ಅವರು ಯಾರಿಗೂ ಸಮಜಾಯಿಷಿ ಕೊಡಲು ಹೋಗಲಿಲ್ಲ.

ಹೋದ ವರ್ಷ ಮಾಲಕರು ತೀರಿಕೊಂಡರು. ಈಗ ಖಾನಾಪುರದಲ್ಲಿ ನಾನೇ ಪಂದ್ಯಾವಳಿ ನಡೆಸುತ್ತೇನೆ, ಎರಡು ಸೋಲಿನದೇ. ನಾಕೌಟ್ ಮಾಡೂಣು ಅಂದವರಿಗೆ ಚಹಾ ಕುಡಿಸಿ, ಆಗೂದಿಲ್ಲ ಅನ್ನುತ್ತೇನೆ. ಮೊನ್ನೆ ಅವರ ಮಗನೂ ಆಡಲು ಬಂದಿದ್ದ. ತನ್ನ ಪಂದ್ಯ ಮುಗಿಸಿ ನನ್ನ ಬಾಜು ಕುಂತವನು ತಾನಾಗಿಯೇ ಆ ದಿನದ ಮಾತು ತೆಗೆದ.

"ಕಪ್ ಮನಿಗೆ ಒಯ್ದ್ರ ಅಪ್ಪ ಅದರ ಕಡೆ ನೋಡಲೂ ಇಲ್ರಿ ಅಕ್ಕಾರ. 'ಎರಡನೇದೂ ಆಕಿನ ಗೆಲ್ಲಲಿ ಅಂತ ದೇವರಿಗೆ ಬೇಡ್ಕೊಂಡಿದ್ನೆಪಾ' ಅಂದ."

ಪಂದ್ಯದ ಪಟ್ಟಿಯನ್ನು ಅವನ ಕೈಗೆ ಕೊಟ್ಟೆ. ಮುಂದಿನ ಜೋಡಿಯ ಹೆಸರನ್ನು ಅವನೇ ಕೂಗಿದ.