ಭಾನುವಾರದ ಕೂರಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೋಡಿಹಳ್ಳಿಯ ಪುಟ್ಟಲಿಂಗಯ್ಯ ಎತ್ತು ಹೊಡೆದುಕೊಂಡು, ಬಿತ್ತುವ ಕೂರಿಗೆಯನ್ನು ಹೆಗಲಿಗೇರಿಸಿ, ತಮ್ಮದೇ ಹೊಲದ ಬದುವಿನ ಮೇಲೆ ಹೋಗುತ್ತಿದ್ದಾರೆ. ಮೊನ್ನೆ ಹುಯ್ದ ಪುನರ್ವಸು ಮಳೆಗೆ ನೆಲ ಹದವಾಗಿದೆ. ರಾಗಿಗೆ ಇದಕ್ಕಿಂತ ಒಳ್ಳೆಯ ಹದ ಬೇಕಿಲ್ಲ. ಆದರೂ ಅವರು ತಮ್ಮ ಹೊಲದ ಕಡೆ ಕತ್ತು ತಿರುಗಿಸುವುದಿಲ್ಲ. ಹಿಂದೆ ಬರುತ್ತಿರುವ ಹೆಂಡತಿ ಭದ್ರಮ್ಮ ಮಾತ್ರ ಒಂದು ಗಳಿಗೆ ನಿಂತು ನೋಡಿ, ಮುಂದಕ್ಕೆ ಹೆಜ್ಜೆ ಹಾಕುತ್ತಾರೆ. ಇವತ್ತು ಭಾನುವಾರ, ಕಾರ್ಖಾನೆ ಕೆಲಸದ ನಾಗರಾಜುವಿನ ಹೊಲದ ಸರದಿ.

ಮಳೆ ನಕ್ಷತ್ರ ನೋಡಿ ಬಿತ್ತುತ್ತಿದ್ದ ಊರು ಈಗ ವಾರದ ರಜೆ ನೋಡಿ ಬಿತ್ತುತ್ತದೆ. ಹಾರೋಹಳ್ಳಿ ಕಡೆ ಕಾರ್ಖಾನೆಗಳೆದ್ದ ಮೇಲೆ ಹೊಲದವರೆಲ್ಲ ಶಿಫ್ಟಿಗೆ ಹೊರಟರು, ಎತ್ತು ಮಾರಿ ಬೈಕು ತಂದರು. ಉಳಿದಿರುವುದು ಇದೊಂದೇ ಕೂರಿಗೆ. ಮಿಕ್ಕ ದಿನಗಳಲ್ಲೂ ಬಿಡುವಿಲ್ಲ, ಸೆಕೆಂಡ್ ಶಿಫ್ಟಿನವರು ಬೆಳಗ್ಗೆಯೇ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಇಲ್ಲ ಎನ್ನಲು ಪುಟ್ಟಲಿಂಗಯ್ಯನವರಿಗೆ ನಾಲಗೆಯೇ ಏಳುವುದಿಲ್ಲ.

"ರಜಾ ಸಿಕ್ಕಾದೇ ಒಂದಿನ ಅಂತ ಬಾಯ್ ಬುಟ್ಟು ಕೇಳ್ತಾರೆ. ಏನಂತ ಅನ್ಲಿ?" ಎನ್ನುತ್ತಾರೆ.

ಹೀಗಾಗಿ ಸ್ವಂತ ಹೊಲ ಯಾವಾಗಲೂ ಕೊನೆಗೆ. ಹೋದ ವರ್ಷ ಹಟಕ್ಕೆ ಬಿದ್ದು, ಹೊತ್ತು ಮೀರಿದ ಆಶ್ಲೇಷ ಮಳೆಯಲ್ಲಿ ನಾಲ್ಕು ತಿಂಗಳ ರಾಗಿಯನ್ನೇ ಬಿತ್ತಿದರು. ಊರಿನ ಹೊಲಗಳೆಲ್ಲ ಕಾಳು ಕಟ್ಟಿದಾಗ ಇವರದು ಇನ್ನೂ ತೆನೆ ಹಾಯುತ್ತಿತ್ತು. ಅಷ್ಟರಲ್ಲಿ ಮಳೆ ಕೈಬಿಟ್ಟಿತು. ಬಡಿದರೆ ಬರೀ ಜೊಳ್ಳು. ಅದಕ್ಕೇ ಈ ಸಲ ಮೂರು ತಿಂಗಳ ತಳಿಯ ಬೀಜ ತಂದಿಟ್ಟಿದ್ದಾರೆ. ತಡವಾಗಿ ಬಿತ್ತಿದರೂ ಅದು ಕೈಗೆ ಬರುತ್ತದೆ. ಆದರೆ ನಾಲ್ಕು ತಿಂಗಳ ರಾಗಿಗಿಂತ ಕಾಳೂ ಕಮ್ಮಿ, ಹುಲ್ಲೂ ಗಿಡ್ಡ.

ನಾಗರಾಜು ತಂದಿರುವುದು ನಾಲ್ಕು ತಿಂಗಳ ಬೀಜ. ಭದ್ರಮ್ಮ ಅದನ್ನು ಹಿಡಿ ಹಿಡಿಯಾಗಿ ಕೂರಿಗೆಯ ಬಟ್ಟಲಿಗೆ ಬಿಡುತ್ತಾ ಸಾಲು ಮುಗಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಎತ್ತುಗಳ ಬಾಯಲ್ಲಿ ನೊರೆ. ಇವರ ಕಾಲೂ ಸೋತಿದೆ. ನೆರಳಿಗೆ ಕುಳಿತರೆ ಮುಂದಿನ ಹೊಲದವನು ಆಗಲೇ ಬೈಕಿನ ಹಾರನ್ ಒತ್ತುತ್ತಿದ್ದಾನೆ.

"ಊರ್ಗೆಲ್ಲ ಬಿತ್ತೋ ಎತ್ತು," ಭದ್ರಮ್ಮನ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚು. "ಅವುಕ್ಕೇ ಹೊಟ್ಟೆ ತುಂಬ ಹುಲ್ಲಿಲ್ಲ."

ಪುಟ್ಟಲಿಂಗಯ್ಯ ಎದ್ದು ಎತ್ತಿನ ಬೆನ್ನು ಸವರುತ್ತಾರೆ. ಆಸೆ ಏನೆಂದು ಕೇಳಿದರೆ ಹಾರನ್ ಕೇಳಿಸಿದ ಕಡೆ ಒಮ್ಮೆ ನೋಡುತ್ತಾರೆ.

"ಹದ ಇರೋ ಒಂದ್ ಭಾನ್ವಾರ ನಮ್ದಾಗ್ಲಿ. ನಾಕ್ ತಿಂಗ್ಳ ರಾಗಿ ಬಿತ್ಬುಡ್ತೀನಿ. ನಮ್ಗಲ್ಲ, ಇವುಕ್ಕೆ."