ಅಕ್ಕನ ಬೆರಳು, ಅಣಬೆಯ ಸಾರ

ಪ್ರಯೋಗಾಲಯದಲ್ಲಿ ಅವಳಿಗೆ ಅನ್ನಪೂರ್ಣೆ ಎಂದು ಅಡ್ಡಹೆಸರು. ತಟ್ಟೆಗಳಲ್ಲಿ ಬೆಳೆಯುವ ಜೀವಕೋಶಗಳಿಗೆ ಎರಡು ದಿನಕ್ಕೊಮ್ಮೆ ಆಹಾರದ ದ್ರವ ಬದಲಿಸುವುದು ಅವಳ ಕೆಲಸ. ಹದಿನೆಂಟು ವರ್ಷದಿಂದ ರಜೆಯ ದಿನವೂ ಹೋಗಿ ಬಡಿಸಿ ಬಂದಿದ್ದಾಳೆ. ಮನೆಯಲ್ಲಿ ಅನ್ನ ಸೀಯಿಸುವುದು ಬೇರೆ ವಿಷಯ.

ತಾಯಿ ಹೋದಾಗ ಅವಳಿಗೆ ಆರು ವರ್ಷ. ಸಾಕಿದ್ದು ಅಕ್ಕ, ಬಟ್ಟೆ ಹೊಲಿದು. ದಿನಾ ಬೆಳಗ್ಗೆ ಗುಂಡುಸೂಜಿ ಬಾಯಲ್ಲಿ ಕಚ್ಚಿಕೊಂಡೇ ಅಕ್ಕ ಅವಳಿಗೆ ಬಿಗಿಯಾಗಿ ಜಡೆ ಹಾಕುತ್ತಿದ್ದಳು. ನಲವತ್ತು ದಾಟಿದ ಮೇಲೂ ತಂಗಿ ನಾಚಿಕೆಯಿಲ್ಲದೆ ಹಾಕಿಸಿಕೊಳ್ಳುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಅಕ್ಕನ ಬೆರಳ ಗಂಟುಗಳು ಊದಿಕೊಂಡವು. ಮೈ ಕಾಯಬೇಕಾದ ಕೋಶಗಳೇ ಕೀಲುಗಳ ಮೇಲೆ ಬಿದ್ದಿದ್ದವು, ಬೇಲಿಯೇ ಎದ್ದು ಹೊಲ ಮೇಯ್ದಂತೆ. ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿದ್ದಾಯಿತು. ತಂಗಿ ಕೂದಲನ್ನು ಕತ್ತಿನ ಮಟ್ಟಕ್ಕೆ ಕತ್ತರಿಸಿಕೊಂಡಳು. ಆದರೆ ಆ ಬೆರಳುಗಳು ಮತ್ತೊಮ್ಮೆ ನೆತ್ತಿಯ ಮೇಲೆ ಓಡಾಡಲಿ ಎಂದು ಅವಳಿಗೆ ಅಳು ಬರುವಷ್ಟು ಆಸೆಯಿತ್ತು.

ಹೀಗಿರುವಾಗ ಮರದ ಮೇಲೆ ಬೆಳೆಯುವ ಔಷಧಿ ಅಣಬೆಯೊಂದರ ಸಾರ ಪ್ರಯೋಗಾಲಯಕ್ಕೆ ಬಂತು. ಅವಳು ರಕ್ಷಣಾ ಕೋಶಗಳನ್ನು ರೋಗಾಣುವಿನ ವಿಷದಿಂದ ಕೆಣಕಿ, ಸಾಲು ಸಾಲಿಗೆ ಸಾರ ಹೆಚ್ಚಿಸುತ್ತಾ ಹಾಕಿ, ಅವು ಹೊರಬಿಡುವ ಉರಿಯೂತದ ಸಂಕೇತಗಳನ್ನು ಅಳೆದಳು. ಸಾರ ಹೆಚ್ಚಿದಂತೆ ಸಂಕೇತ ಇಳಿಯಿತು. ಕೊನೆಯ ಸಾಲಿನಲ್ಲಿ ಇಲ್ಲವೇ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವಳಲ್ಲ ಅವಳು. ಆದರೂ ಅಂದು ಸಂಜೆ ಚಪ್ಪಲಿ ಬಿಡುವ ಮೊದಲೇ, ಕೋಶಗಳು ಸುಮ್ಮನಾದವು ಎಂದು ಅಕ್ಕನಿಗೆ ಹೇಳಿಬಿಟ್ಟಳು.

ಅಣಬೆ ಮತ್ತೆ ಬೆಳೆದು ಹೊಸ ಸಾರ ಬರಲು ಐದು ತಿಂಗಳು ಹಿಡಿಯಿತು. ಅಷ್ಟು ದಿನವೂ ಅವಳು ಕೂದಲು ಕತ್ತರಿಸಲಿಲ್ಲ. ಎರಡನೇ ಸಲವೂ ಅದೇ ಫಲ ಬಂದಾಗ ಪ್ರೊಫೆಸರ್ ಕೇಳಿದರು, “ಕೋಶ ಬದುಕಿದ್ವಾ ಅಂತ ನೋಡಿದ್ರಾ?”

ನೋಡಿರಲಿಲ್ಲ. ಹದಿನೆಂಟು ವರ್ಷದಲ್ಲಿ ಎಂದೂ ಬಿಡದ ಪರೀಕ್ಷೆ. ಆತುರಗಾರನಿಗೆ ಬುದ್ಧಿ ಮಟ್ಟ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಳು. ಸತ್ತ ಕೋಶಗಳು ಮಾತ್ರ ನೀಲಿಯಾಗುತ್ತವೆ. ಕೊನೆಯ ಸಾಲು ಪೂರ್ತಿ ನೀಲಿ. ಸತ್ತವು ಗಲಾಟೆ ಮಾಡುವುದೆಲ್ಲಿಂದ ಬಂತು? ಅನ್ನಪೂರ್ಣೆ ಬಡಿಸಿದ್ದು ವಿಷ.

ಮನೆಯಲ್ಲಿ ಅಕ್ಕ ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಕೂತಿದ್ದಳು.

“ಅಕ್ಕ, ನಾನು ಅವತ್ತು ಹೇಳಿದ್ದು ತಪ್ಪು. ಅವು ಸುಮ್ಮನಾಗಿರಲಿಲ್ಲ, ಸತ್ತಿದ್ವು.”

“ಎಲ್ಲಾನೂ?”

“ಕಮ್ಮಿ ಹಾಕಿದ ಕಡೆ ಬದುಕಿದಾವೆ. ಅಲ್ಲಿ ಉರಿಯೂತ ಸ್ವಲ್ಪ ಇಳಿದಿದೆ. ಸ್ವಲ್ಪಾನೇ. ಅದೂ ತಟ್ಟೇಲಿ. ಮನುಷ್ಯರ ಮೈಗೆ ಬರೋಕೆ ಎಷ್ಟು ವರ್ಷ ಬೇಕೋ, ಬರುತ್ತೋ ಇಲ್ವೋ.”

“ನಂಗೀಗ ಐವತ್ತಾರು,” ಎಂದಳು ಅಕ್ಕ. “ಹೇಳಿದ್ದು ಒಳ್ಳೇದಾಯ್ತು ಬಿಡು.”

ತಂಗಿ ಹೊಲಿಗೆ ಯಂತ್ರದ ಡ್ರಾಯರ್ ಎಳೆದು ಕತ್ತರಿ ತೆಗೆದಳು. ಹೆಗಲು ಮುಟ್ಟಿದ ಕೂದಲನ್ನು ಇನ್ನೊಂದು ಕೈಯಲ್ಲಿ ಹಿಡಿದಳು.

“ಇಡು ಅದನ್ನ. ಬಟ್ಟೆ ಕತ್ತರೀಲಿ ಕೂದಲು ಕತ್ತರಿಸ್ತಾರಾ? ಮೊಂಡಾಗುತ್ತೆ.”

“ಇನ್ನು ಬಟ್ಟೆ ಯಾರು ಕತ್ತರಿಸ್ತಾರೆ?”

ಅಕ್ಕ ನೀರಿನಿಂದ ಕೈ ತೆಗೆದಳು. “ಸ್ವಲ್ಪ ಇಳಿದಿದೆ ಅಂದ್ಯಲ್ಲ,” ಎಂದಳು. “ಕೂದಲು ಹಾಗೇ ಇರ್ಲಿ. ಬಾ, ಇಲ್ಲಿ ಕೂತ್ಕೋ.”

ತಂಗಿ ಅವಳ ಕಾಲ ಬಳಿ ಕೂತಳು. ಒದ್ದೆಯಾದ, ಬೆಚ್ಚಗಿನ ಕೈ ನೆತ್ತಿಯ ಮೇಲೆ ಬಂತು. ಜಡೆ ಹಾಕಲು ಬೆರಳುಗಳು ಬಾಗಲಿಲ್ಲ. ನೀರು ಕೂದಲಿನಿಂದ ಕತ್ತಿಗೆ ಇಳಿಯುತ್ತಿದ್ದರೂ ತಂಗಿ ಅಲುಗಾಡದೆ ಕೂತೇ ಇದ್ದಳು.