ಹಳೆಯ ಗುಂಪಿಗೆ ಬಂದ ಮೂರು ಮೇಲ್

ನಮ್ಮ ಹೈಸ್ಕೂಲಿನ ಇಪ್ಪತ್ತೆರಡು ಮಂದಿಯ ಮೇಲ್ ಗುಂಪನ್ನು ಕಟ್ಟಿದವನೂ ನಾನೇ, ಕೆಡವಿದವನೂ ನಾನೇ. ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳು. ಬಂಟ್ವಾಳದಲ್ಲಿ ಒಟ್ಟಿಗೆ ಓದಿದವರಲ್ಲಿ ಅರ್ಧ ಜನ ಗಲ್ಫಿನಲ್ಲಿದ್ದರು, ಉಳಿದವರು ಬೆಳ್ತಂಗಡಿ, ವಿಟ್ಲ ಎಂದು ಚದುರಿದ್ದರು. ನಾನು ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಒಬ್ಬ ಬರೆದರೆ ಎಲ್ಲರ ಇನ್‌ಬಾಕ್ಸಿಗೂ ಬೀಳುತ್ತಿತ್ತು, ಅಷ್ಟೇ ವ್ಯವಸ್ಥೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ತುಳು, ಬ್ಯಾರಿ, ಕನ್ನಡದಲ್ಲಿ ಊರಿನ ಸುದ್ದಿಯೆಲ್ಲ ಬರುತ್ತಿತ್ತು.

ನನಗದು ಸಾಲಲಿಲ್ಲ. ಕಲಿಸುವವನಿಗೆ ಸ್ವಲ್ಪ ಗತ್ತು ಬೇಡವೇ? ಎಲ್ಲರೂ ಒಂದೇ ವೆಬ್‌ಸೈಟಿಗೆ ಬಂದು ಓದಿ ಬರೆಯುವಂಥ ಫೋರಂ ಮಾಡಬೇಕೆಂದು ಎರಡು ತಿಂಗಳು ಬೇರೆ ಬೇರೆ ಸಾಫ್ಟ್‌ವೇರ್ ಹಾಕಿ ನೋಡಿದೆ. ಒಂದರಲ್ಲಿ ಫೋಟೋ ಏರುತ್ತಿರಲಿಲ್ಲ, ಇನ್ನೊಂದರ ಬಣ್ಣ ಹಿಡಿಸಲಿಲ್ಲ. ಕೊನೆಗೆ ಆರಿಸಿದ್ದರಲ್ಲಿ ವಿಷಯಕ್ಕೊಂದು ವಿಭಾಗ, ಹೆಸರಿನ ಪಕ್ಕ ಚಿತ್ರ, ನಗುವ ಹಳದಿ ಮುಖಗಳು ಎಲ್ಲ ಇದ್ದವು. ಯಾರು ಎಲ್ಲಿ, ಯಾವ ಕಂಪ್ಯೂಟರಿನಲ್ಲಿ ಓದುತ್ತಾರೆಂದು ಮಾತ್ರ ಒಬ್ಬರನ್ನೂ ಕೇಳಲಿಲ್ಲ.

ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಕನ್ಯಾನದ ಗೆಳೆಯ ಆಗ ಸೌದಿಯ ಜುಬೈಲಿನ ಒಂದು ಗೋದಾಮಿನಲ್ಲಿದ್ದ. "ಇಲ್ಲಿ ಆಫೀಸಿನಲ್ಲಿ ಮೇಲ್ ಮಾತ್ರ ಓಪನ್ ಆಗ್ತದೆ ಮಾರಾಯ. ನೀವೆಲ್ಲ ಆ ಫೋರಂಗೆ ಹೋದರೆ ನಾನು ಹೊರಗೆ" ಎಂದು ಬರೆದ. ಎಲ್ಲದಕ್ಕೂ ಕೊಕ್ಕೆ ಹಾಕುವವನು ಎಂದುಕೊಂಡು, "ಹಳೆಯದೂ ಇರ್ತದೆ, ನೀನು ತಲೆಬಿಸಿ ಮಾಡಬೇಡ" ಎಂದು ಉತ್ತರಿಸಿದೆ.

ಆಮೇಲೆ ಮತದಾನ ಇಟ್ಟೆ. ಇಟ್ಟದ್ದು ಹೊಸ ಫೋರಂನಲ್ಲಿ! ಅಲ್ಲಿಗೆ ಬರಲಾಗದವರು ಬೇಡ ಎನ್ನುವುದು ಹೇಗೆ? ಹದಿನಾಲ್ಕು ಮತ, ಎಲ್ಲವೂ ಹೌದು. ಉಳಿದವರದ್ದು ಮೌನಂ ಸಮ್ಮತಿ ಲಕ್ಷಣಂ ಎಂದೆ. ಜನ ಹಳೆಯ ಚಾಳಿ ಬಿಡಲಿ ಎಂದು, ಹಳೆಯ ಗುಂಪಿನಿಂದ ಯಾರಿಗೂ ಮೇಲ್ ಹೋಗದ ಹಾಗೆ ನಿಲ್ಲಿಸಿಬಿಟ್ಟೆ. ಗೆಳೆಯನಿಗೆ ಕೊಟ್ಟ ಮಾತು ನೆನಪಾಗಲಿಲ್ಲ. ಅವನ ಸದ್ದಿಲ್ಲದಾಗ, ಸಿಟ್ಟಿರಬೇಕು, ಇಳಿಯುತ್ತದೆ ಎಂದುಕೊಂಡೆ.

ಮರುವರ್ಷ ಬಿ.ಸಿ. ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಹೆಂಡತಿಯ ಜೊತೆ ಸಿಕ್ಕಿದ.

"ಏನು ಮಾರಾಯ, ಮದುವೆಗೆ ಕರೆಯಲೇ ಇಲ್ಲವಲ್ಲ?" ಎಂದು ನಾನೇ ಗದರಿದೆ.

"ಕರೆದಿದ್ದೆ. ನಿಮಗೆ ಪುರುಸೊತ್ತಿರಲಿಲ್ಲ ಅಂತ ಕಾಣ್ತದೆ."

ನಿಮಗೆ ಎಂದದ್ದು ಎಲ್ಲರನ್ನೂ ಸೇರಿಸಿ ಎಂದುಕೊಂಡೆ. ಬಸ್ಸು ಹತ್ತುವಾಗ ಹೇಳಿದ, "ಒಮ್ಮೆ ಮನೆ ಕಡೆ ಬನ್ನಿ ನೀವು." ಒಂದೇ ಬೆಂಚಿನಲ್ಲಿ ಕೂತವನು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ಮೂಡುಬಿದಿರೆಗೆ ಬಂದು ಹಳೆಯ ಗುಂಪು ತೆರೆದೆ. ಯಾರ ಇನ್‌ಬಾಕ್ಸಿಗೂ ಹೋಗದೆ ಅಲ್ಲೇ ಉಳಿದ ಅವನ ಮೂರು ಮೇಲ್ ಇದ್ದವು. ಮೊದಲನೆಯದರಲ್ಲಿ ಮದುವೆಯ ದಿನ ಬರೆದು, "ಕಾರ್ಡು ಹಂಚಲಿಕ್ಕೆ ರಜೆ ಸಾಲುವುದಿಲ್ಲ, ಇದನ್ನೇ ಕಾರ್ಡು ಅಂತ ತಿಳಿಯಿರಿ" ಎಂದಿದ್ದ. ಎರಡನೆಯದರಲ್ಲಿ ವಿಟ್ಲದಿಂದ ಕನ್ಯಾನಕ್ಕಿರುವ ಬಸ್ಸುಗಳ ಸಮಯ. ಮೂರನೆಯದು ಮದುವೆಯ ಹಿಂದಿನ ದಿನದ್ದು: "ನಮ್ಮ ಕ್ಲಾಸಿನವರಿಗೇ ಅಂತ ಎರಡು ಟೇಬಲ್ ಇಡಿಸಿದ್ದೇನೆ. ಬೇರೆ ಯಾರನ್ನೂ ಕೂರಿಸುವುದಿಲ್ಲ. ಬಿರಿಯಾನಿ ತಣಿಯುವ ಮೊದಲು ಬನ್ನಿ."

ಆ ಖಾಲಿ ಟೇಬಲುಗಳನ್ನು ಅವನು ಎಷ್ಟು ಹೊತ್ತು ಕಾದಿಟ್ಟನೋ. ಆ ದಿನ ನಾನು ಹಳದಿ ಮುಖಗಳನ್ನು ಜೋಡಿಸುತ್ತಾ ಕೂತಿದ್ದಿರಬೇಕು. ಈಗಲೂ ನಾಚಿಕೆಯಾಗುತ್ತದೆ. ಫೋರಂ ಹೆಚ್ಚು ಕಾಲ ಬಾಳಲಿಲ್ಲ, ಅದಕ್ಕೆ ನನಗೆ ಬೇಸರವೂ ಇಲ್ಲ.

ನಡೆದದ್ದೆಲ್ಲ ಬರೆದು, ತಪ್ಪು ನನ್ನದೇ ಎಂದು ಅವನಿಗೆ ಮೇಲ್ ಮಾಡಿದೆ. ಎರಡು ದಿನ ಬಿಟ್ಟು ಉತ್ತರ ಬಂತು.

"ಪರವಾಗಿಲ್ಲ. ನೀವು ಬೇಜಾರು ಮಾಡಬೇಡಿ."